ನಿಂತ ವ್ಯಾನಿನೊಳಗೆ ಯಾರೋ ಮಲಗಿದ್ದಾರೆ ಅಂತ ಊರಿಗೆ ಹೇಗೆ ಗೊತ್ತಾಗುತ್ತದೆ?

ವ್ಯಾನನ್ನೇ ಮನೆ ಮಾಡಿಕೊಂಡವರು ಈಗ ಕರಾವಳಿಯಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಹಿಂದಿನ ಸೀಟು ಮಡಚಿ ಹಲಗೆ ಹಾಸಿದ ಮಾರುತಿ ಈಕೋ ವ್ಯಾನಿನಲ್ಲಿ ಗೋವಾದಿಂದ ಕೇರಳಕ್ಕೆ ಹೊರಟ ಹುಡುಗರು. ಲ್ಯಾಪ್‌ಟಾಪ್ ಇದ್ದರೆ ಎಲ್ಲಿ ಕೂತರೂ ಕೆಲಸ ಆಗುತ್ತದೆ ಎನ್ನುವವರು. ನಿವೃತ್ತಿಯ ದುಡ್ಡಿನಲ್ಲಿ ಟೆಂಪೊ ಟ್ರಾವೆಲರ್ ಕೊಂಡು ದೇಶ ಸುತ್ತುವ ದಂಪತಿ. ಹಗಲಿಡೀ ಇವರಿಗೆ ಖುಷಿಯೇ. ಸೂರ್ಯ ಮುಳುಗುವ ಹೊತ್ತಿಗೆ ಮಾತ್ರ ಎಲ್ಲರಿಗೂ ಒಂದೇ ತಲೆಬಿಸಿ. ರಾತ್ರಿ ಗಾಡಿ ಎಲ್ಲಿ ಹಾಕುವುದು? ಯಾರೂ ಬಂದು ಗಾಜು ತಟ್ಟದ ಹಾಗೆ ಮಲಗುವುದು ಹೇಗೆ?

ಹುಡುಕಿದರೆ ಸಲಹೆಗಳು ರಾಶಿ ಸಿಗುತ್ತವೆ. ಹೆಚ್ಚಿನವು ಅಮೆರಿಕದವರು ಹೇಳಿದ್ದು. ಬಿಳಿ ಬಣ್ಣದ ಸರಕು ವ್ಯಾನು ಕೊಳ್ಳಿ, ಸ್ಟಿಕ್ಕರ್ ಅಂಟಿಸಬೇಡಿ, ಕತ್ತಲಾದ ಮೇಲೆ ಬನ್ನಿ, ಬೆಳಕು ಹರಿಯುವ ಮೊದಲು ಜಾಗ ಬಿಡಿ, ಯಾರ ಜೊತೆಗೂ ಮಾತಾಡಬೇಡಿ. ಅಲ್ಲಿ ಇದಕ್ಕೆ ಕಾರಣ ಉಂಟು. ಎಷ್ಟೋ ನಗರಗಳಲ್ಲಿ ಬೀದಿ ಬದಿಯ ವಾಹನದಲ್ಲಿ ವಾಸ ಮಾಡುವುದೇ ನಿಯಮಕ್ಕೆ ವಿರುದ್ಧ. ಲಾಸ್ ಏಂಜಲೀಸ್‌ನ ಅಂಥದೊಂದು ಕಾನೂನನ್ನು 2014ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ಯಾವುದು ವಾಸ, ಯಾವುದು ಅಲ್ಲ ಅನ್ನುವುದೇ ಅದರಲ್ಲಿ ಸ್ಪಷ್ಟ ಇರಲಿಲ್ಲ. ಆಮೇಲೆ ನಗರ ಬೇರೆ ರೂಪದಲ್ಲಿ ನಿಯಮ ತಂದಿತು. ಹಾಗಾಗಿ ಗಾಡಿ ಖಾಲಿ ಅಂತ ಕಾಣಿಸುವುದೇ ಅಲ್ಲಿ ಒಂದು ವಿದ್ಯೆ ಆಗಿಬಿಟ್ಟಿದೆ.

ಅದೇ ವಿದ್ಯೆಯನ್ನು ಮಂಗಳೂರಿಗೋ ಉಡುಪಿಗೋ ತಂದರೆ ಕೆಲಸ ಕೆಡುತ್ತದೆ. ರಾತ್ರಿ ಹನ್ನೊಂದಕ್ಕೆ ಸದ್ದಿಲ್ಲದೆ ಬಂದು, ಕರ್ಟನ್ ಎಳೆದು, ಯಾರನ್ನೂ ಮಾತಾಡಿಸದೆ, ಐದಕ್ಕೆ ಜಾಗ ಖಾಲಿ ಮಾಡುವ ವ್ಯಾನನ್ನು ನಮ್ಮಲ್ಲಿ ಏನಂತ ತಿಳಿಯುತ್ತಾರೆ ಹೇಳಿ? ಕಳ್ಳರದ್ದು ಅಂತ.

ಊರಿನ ಕಣ್ಣು ಹುಡುಕುವುದು ಏನನ್ನು

ಅಮೆರಿಕದ ಸಲಹೆ ನಿಂತಿರುವುದು ಅಗಲವಾದ ವಸತಿ ಬೀದಿಗಳ ಮೇಲೆ. ಅಲ್ಲಿ ಹತ್ತಾರು ಕಾರುಗಳು ರಸ್ತೆ ಬದಿಯಲ್ಲೇ ರಾತ್ರಿ ಕಳೆಯುತ್ತವೆ. ಹನ್ನೊಂದನೆಯದು ಯಾರದ್ದು ಅಂತ ಯಾರೂ ಲೆಕ್ಕ ಇಡುವುದಿಲ್ಲ. ಮಂಗಳೂರಿನ ಒಳರಸ್ತೆಗಳು ಹಾಗಿಲ್ಲ. ಬಿಜೈ, ಕದ್ರಿ, ಅತ್ತಾವರ ಎಲ್ಲಿಗೆ ಹೋದರೂ ಏರು ತಗ್ಗಿನ ಇಕ್ಕಟ್ಟಾದ ದಾರಿ, ಎರಡೂ ಬದಿ ಕಂಪೌಂಡ್ ಗೋಡೆ. ಮನೆಯವರ ಕಾರು ಗೇಟಿನ ಒಳಗೆ. ಹೊರಗೆ ರಾತ್ರಿ ಒಂದು ಗಾಡಿ ನಿಂತರೆ ಅದೇ ಸುದ್ದಿ. ಫ್ಲ್ಯಾಟ್ ಆದರೆ ವಾಚ್‌ಮನ್ ಕೈಯಲ್ಲಿ ನಂಬರು ಬರೆಯುವ ಪುಸ್ತಕ ಇರುತ್ತದೆ.

ಇದರ ಮೇಲೆ ಇನ್ನಷ್ಟು ಕಣ್ಣುಗಳು. ಮೂಲೆಯ ರಿಕ್ಷಾ ಪಾರ್ಕ್‌ನಲ್ಲಿ ಕೂತವರಿಗೆ ಆ ರಸ್ತೆಯ ಪ್ರತಿ ಬಂಪರೂ ಗೊತ್ತು. ಗೂಡಂಗಡಿಯವರು ರಾತ್ರಿ ಬಾಗಿಲು ಹಾಕುವಾಗ ಒಮ್ಮೆ ಆಚೆ ಈಚೆ ನೋಡಿಯೇ ಹೋಗುತ್ತಾರೆ. ಬೆಳಿಗ್ಗೆ ಐದಕ್ಕೆ ಹಾಲಿನವರು, ಪೇಪರಿನವರು. ಆಮೇಲೆ ಮಸೀದಿಗೆ, ದೇವಸ್ಥಾನಕ್ಕೆ, ಇಗರ್ಜಿಯ ಪೂಜೆಗೆ ಹೋಗುವವರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇದು ಯಾರ ಗಾಡಿ ಮಾರಾಯ್ರೆ?

ಇಲ್ಲಿ ಒಂದು ಸೂಕ್ಷ್ಮ ಉಂಟು. ಇವರ್ಯಾರಿಗೂ ವ್ಯಾನಿನ ಮೇಲೆ ಆಸಕ್ತಿ ಇಲ್ಲ. ಅದು ಯಾಕೆ ಇಲ್ಲಿದೆ ಅನ್ನುವುದು ಗೊತ್ತಾಗಬೇಕು, ಅಷ್ಟೇ. ಮದುವೆ ಹಾಲ್‌ನ ಹಿಂದೆ ಮೂರು ದಿನ ನಿಂತ ಓಮ್ನಿಯನ್ನು ಯಾರೂ ನೋಡುವುದಿಲ್ಲ. ಕ್ಯಾಟರಿಂಗ್‌ನವರದ್ದು ಅಂತ ನೋಡಿದ ಕೂಡಲೇ ಗೊತ್ತು. ಆಸ್ಪತ್ರೆಯ ಎದುರು ಸೀಟು ಹಿಂದಕ್ಕೆ ಬಾಗಿಸಿ ಮಲಗಿದವರನ್ನೂ ಯಾರೂ ಎಬ್ಬಿಸುವುದಿಲ್ಲ. ಅವರ ಪೈಕಿ ಯಾರೋ ಒಳಗೆ ಅಡ್ಮಿಟ್ ಆಗಿದ್ದಾರೆ. ಕಾರಣ ಸಿಕ್ಕಿದ ಕೂಡಲೇ ಊರಿನ ಕಣ್ಣು ಬೇರೆ ಕಡೆ ಹೋಗುತ್ತದೆ. ಸಿಗದಿದ್ದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಒಬ್ಬರು ಬಂದು ಗಾಜು ತಟ್ಟುತ್ತಾರೆ.

ಹಾಗಾಗಿ ಇಲ್ಲಿ ಕಣ್ಣಿಗೆ ಬೀಳದೆ ಇರಬೇಕಾದರೆ ಅಡಗುವುದರಿಂದ ಪ್ರಯೋಜನ ಇಲ್ಲ. ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಯಾವ ತಿಂಗಳಲ್ಲಿ ಒಂದು ವ್ಯಾನು ನಿಲ್ಲುವುದಕ್ಕೆ ಈಗಾಗಲೇ ಕಾರಣ ಉಂಟೋ ಅಲ್ಲಿ ನಿಲ್ಲಬೇಕು.

ಕಾನೂನು ಏನು ಹೇಳುತ್ತದೆ

ನಿಲ್ಲಿಸಲು ಅವಕಾಶ ಇರುವ ಜಾಗದಲ್ಲಿ, ಸ್ವಂತ ಗಾಡಿಯೊಳಗೆ ಮಲಗುವುದೇ ತಪ್ಪು ಎನ್ನುವ ಕಲಮು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ಆದರೆ ಸುತ್ತಮುತ್ತ ಮೂರ್ನಾಲ್ಕು ಕಲಮುಗಳಿವೆ.

ಮೊದಲನೆಯದು 127. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಯಾರೂ ಇಲ್ಲದೆ ಬಿಟ್ಟ ವಾಹನವನ್ನು, ಇಲ್ಲವೇ ನಿಷೇಧ ಇರುವಲ್ಲಿ ನಿಲ್ಲಿಸಿದ ವಾಹನವನ್ನು, ಸಮವಸ್ತ್ರದಲ್ಲಿರುವ ಪೊಲೀಸರು ಟೋ ಮಾಡಿಸಬಹುದು. ತಮಾಷೆ ನೋಡಿ. ಒಳಗೆ ನೀವು ಮಲಗಿದ್ದರೆ ಅದು ಯಾರೂ ಇಲ್ಲದ ಗಾಡಿ ಅಲ್ಲ. ಖಾಲಿ ಅಂತ ನಟಿಸುವ ಅಮೆರಿಕದ ಉಪಾಯ ಇಲ್ಲಿ ನಿಮ್ಮ ಮೇಲೆಯೇ ತಿರುಗಬಹುದು.

ಎರಡನೆಯದು 52. ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ತಾಳೆ ಆಗಬೇಕು. ಛಾವಣಿ ಕೊರೆದು ಫ್ಯಾನು ಕೂರಿಸುವುದು, ಸೀಟು ಕಿತ್ತು ಬಿಸಾಡಿ ಮಂಚ ವೆಲ್ಡ್ ಮಾಡಿಸುವುದು ಇದರ ಕೆಳಗೆ ಬರುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಬದಲಾವಣೆ ಮಾಡುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಎತ್ತಿ ತೆಗೆಯಬಹುದಾದ ಹಲಗೆ, ಹಾಸಿಗೆ, ಡಬ್ಬ ಇವೆಲ್ಲ ಲಗ್ಗೇಜು. ಬೋಲ್ಟ್ ಬಿಗಿದರೆ ಅದು ಮಾರ್ಪಾಟು. ಪೂರ್ಣ ಕಾರವಾನ್ ಬೇಕಿದ್ದರೆ ಅದಕ್ಕೆ ಎಐಎಸ್-124 ಅನ್ನುವ ಬೇರೆ ಮಾನದಂಡವೇ ಇದೆ.

ಮೂರನೆಯದು ಗಾಜು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿಗೆ ತಡೆ ಹಾಕಿತು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70, ಬದಿಯ ಗಾಜಿನಲ್ಲಿ ಶೇ 50 ಬೆಳಕು ದಾಟಬೇಕು ಅನ್ನುವುದು ನಿಯಮ. ಹಾಗಾಗಿ ಫಿಲ್ಮಿನ ಆಸೆ ಬಿಡಿ. ಗಾಜಿನ ಅಳತೆಗೆ ಕತ್ತರಿಸಿದ ಫೋಮ್ ಹಾಳೆ ಇಟ್ಟುಕೊಳ್ಳಿ. ಮಲಗುವಾಗ ಸಿಕ್ಕಿಸಿ, ಗಾಡಿ ಹೊರಡಿಸುವ ಮೊದಲು ತೆಗೆಯಿರಿ.

ಕೊನೆಯದು ಬಹಳ ಜನಕ್ಕೆ ಗೊತ್ತಿಲ್ಲದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 128ನೇ ಕಲಮು. ಹಳೆಯ ಸಿಆರ್‌ಪಿಸಿಯಲ್ಲಿ ಇದೇ 109 ಆಗಿತ್ತು. ಒಬ್ಬ ತಾನು ಇರುವುದನ್ನು ಮರೆಮಾಚಲು ಎಚ್ಚರ ವಹಿಸುತ್ತಿದ್ದರೆ, ಅದು ಅಪರಾಧ ಮಾಡುವ ಉದ್ದೇಶದಿಂದಲೇ ಅಂತ ನಂಬಲು ಕಾರಣ ಇದ್ದರೆ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಒಂದು ವರ್ಷದವರೆಗಿನ ಸನ್ನಡತೆಯ ಮುಚ್ಚಳಿಕೆ ಕೇಳಬಹುದು. ಸುಮ್ನೆ ಮಲಗಿದವರಿಗೆ ಇದು ತಟ್ಟುವುದಿಲ್ಲ. ಆದರೆ ಅಡಗುವುದೇ ಸಂಶಯದ ಮೊದಲ ಮೆಟ್ಟಿಲು ಅಂತ ಕಾನೂನೂ ತಿಳಿದಿದೆ, ರಿಕ್ಷಾದವರೂ ತಿಳಿದಿದ್ದಾರೆ.

ಜಾಗ, ಹೊತ್ತು, ತಿಂಗಳು

ಹೊಸಬರ ಕಣ್ಣು ಮೊದಲು ಹೋಗುವುದು ಸಮುದ್ರದ ಕಡೆಗೆ. ಅದು ಸಹಜ. ಆದರೆ ಜಾಗ ಚಂದ ಆದಷ್ಟೂ ಕಾವಲು ಜಾಸ್ತಿ. ಪಡುಬಿದ್ರಿಗೆ 2020ರಲ್ಲಿ, ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಂಥ ಬೀಚುಗಳಿಗೆ ಗೇಟು, ಸಿಬ್ಬಂದಿ ಎಲ್ಲ ಉಂಟು. 2008ರ ಮುಂಬೈ ದಾಳಿಯ ನಂತರ ಕರಾವಳಿಯುದ್ದಕ್ಕೂ ನಿಗಾ ಬಿಗಿಯಾಗಿದೆ. ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಇರುವುದೇ ಮಲ್ಪೆಯಲ್ಲಿ. ಕತ್ತಲಾದ ಮೇಲೆ ಕಡಲ ಬದಿ ಒಂಟಿಯಾಗಿ ನಿಂತ ವ್ಯಾನನ್ನು ವಿಚಾರಿಸದೆ ಬಿಟ್ಟರೆ ಅವರು ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಹಗಲು ಫೋಟೊ ತೆಗೆಯಲು ಸ್ವರ್ಗ. ರಾತ್ರಿ ಮಲಗಲು ಹೋದರೆ ಎಡಕ್ಕೂ ಬಲಕ್ಕೂ ಮರೆ ಇಲ್ಲ, ಲಾರಿಗಳ ಹೆಡ್‌ಲೈಟು ನೇರ ಮುಖಕ್ಕೆ. ಇನ್ನು ಮರಳಿಗೆ ಇಳಿಸುವ ಯೋಚನೆಯನ್ನೇ ಮಾಡಬೇಡಿ. ಚಕ್ರ ಹೂತರೆ ಇಡೀ ಊರು ತಳ್ಳಲು ಬರುತ್ತದೆ. ಪ್ರೀತಿಯಿಂದಲೇ ಬರುತ್ತದೆ. ಆದರೆ ಆಮೇಲೆ ನಿಮ್ಮನ್ನು ಗುರುತಿಸದವರು ಯಾರೂ ಉಳಿಯುವುದಿಲ್ಲ.

ಬಂದರು ದಕ್ಕೆಯೂ ಮಲಗುವ ಜಾಗ ಅಲ್ಲ. ಬೆಳಗಿನ ಜಾವಕ್ಕೆ ಮೀನಿನ ಗಾಡಿ, ಐಸಿನ ಲಾರಿ, ಬುಟ್ಟಿ ಹೊತ್ತವರು ಎಲ್ಲ ಒಟ್ಟಿಗೆ ನುಗ್ಗುತ್ತಾರೆ. ಅವರ ದಾರಿಗೆ ಅಡ್ಡ ನಿಂತರೆ ಕೇಳಬೇಕಾದದ್ದನ್ನು ಕೇಳಿಯೇ ಹೋಗುತ್ತೀರಿ.

ಒಳ್ಳೆಯ ಜಾಗಗಳು ನೋಡಲು ಏನೂ ಚಂದ ಇರುವುದಿಲ್ಲ. ಬೈಕಂಪಾಡಿ, ಪಣಂಬೂರು, ಸುರತ್ಕಲ್ ಕಡೆ ನೂರಾರು ಲಾರಿ ಡ್ರೈವರುಗಳು ಕ್ಯಾಬಿನ್‌ನಲ್ಲೇ ಅಡುಗೆ, ಅಲ್ಲೇ ನಿದ್ದೆ. ಬಂದರಿಗೆ ಲೋಡು ಕಾಯುವವರು, ಟ್ಯಾಂಕರಿನವರು, ಲಾರಿಗಳನ್ನೇ ಹೊತ್ತು ಸಾಗುವ ಕೊಂಕಣ ರೈಲ್ವೆಯ ರೋ-ರೋ ರೈಲಿಗೆ ಲಾರಿ ಹತ್ತಿಸಲು ಸಾಲು ನಿಂತವರು. ವಾಹನದಲ್ಲಿ ವಾಸ ಅನ್ನುವುದು ಯೂಟ್ಯೂಬ್ ಬರುವ ಮೊದಲೇ ಇವರಿಗೆ ಗೊತ್ತು. ಹೆದ್ದಾರಿಯಲ್ಲಿ ರಾತ್ರಿಯಿಡೀ ತೆರೆದಿರುವ ದೊಡ್ಡ ಬಂಕುಗಳು ನನ್ನ ಮಟ್ಟಿಗೆ ಎಲ್ಲಕ್ಕಿಂತ ಉತ್ತಮ. ಬೆಳಕು ಉಂಟು, ಶೌಚಾಲಯ ಉಂಟು, ಸಿಸಿಟಿವಿ ಉಂಟು. ಲಾರಿಗಳ ಪಕ್ಕ ಒಂದು ವ್ಯಾನು ನಿಂತರೆ ಅದು ಪ್ರಶ್ನೆಯೇ ಅಲ್ಲ. ಕೇಳಿಯೇ ನಿಲ್ಲಿಸಬೇಕು, ಅದು ಬೇರೆ ಮಾತು.

ಮಣಿಪಾಲದ ಕತೆ ಇನ್ನೊಂದು ಥರ. ಮಂಗಳೂರು, ಉಡುಪಿಯ ಕೆಎ-19, ಕೆಎ-20 ಬಿಟ್ಟು ಬೇರೆ ನಂಬರು ಬಂದರೆ ಹಳ್ಳಿಯ ಒಳದಾರಿಯಲ್ಲಿ ತಲೆಗಳು ತಿರುಗುತ್ತವೆ. ಮಣಿಪಾಲದಲ್ಲಿ ದಿಲ್ಲಿ, ಹರಿಯಾಣ, ತೆಲಂಗಾಣ ಯಾವ ಪ್ಲೇಟಿಗೂ ಬೆಲೆ ಇಲ್ಲ. ವಿದ್ಯಾರ್ಥಿಗಳು, ಅವರನ್ನು ನೋಡಲು ಬಂದ ಅಪ್ಪ ಅಮ್ಮ, ಆಸ್ಪತ್ರೆಗೆ ಬಂದವರು. ಅಲ್ಲಿ ಅಪರಿಚಿತರೇ ಊರಿನವರು. ಆದರೆ ಒಂದು ಮಾತು: ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಯಾರೂ ಕೇಳುವುದಿಲ್ಲ ಅನ್ನುವುದು ನಿಜ ಇರಬಹುದು. ಹಾಗಂತ ರೋಗಿಯ ಕಡೆಯವರಿಗೆ ಸಿಗಬೇಕಾದ ಜಾಗದಲ್ಲಿ ಹಾಸಿಗೆ ಬಿಡಿಸುವುದು ನನಗೆ ಸರಿ ಕಾಣುವುದಿಲ್ಲ.

ತಿಂಗಳು ಬದಲಾದರೆ ಅದೇ ಜಾಗದ ಅರ್ಥ ಬದಲಾಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ಶಬರಿಮಲೆಗೆ ಹೋಗುವವರ ಟೆಂಪೊ ಟ್ರಾವೆಲರುಗಳು ಉಡುಪಿ, ಕೊಲ್ಲೂರು, ಧರ್ಮಸ್ಥಳ ಎಲ್ಲ ಕಡೆ ನಿಂತಿರುತ್ತವೆ. ಪಕ್ಕದಲ್ಲೇ ಒಲೆ ಹಚ್ಚಿ ಅನ್ನ ಬೇಯಿಸುತ್ತಾರೆ, ಒಳಗೆ ಹೊರಗೆ ಮಲಗುತ್ತಾರೆ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬೇರೆ. ಆಗ ಕೃಷ್ಣ ಮಠದ ರಾಜಾಂಗಣದ ಪಾರ್ಕಿಂಗಿನಲ್ಲಿ ನಿಮ್ಮ ವ್ಯಾನು ನೂರರಲ್ಲಿ ಒಂದು. ಜುಲೈಯಲ್ಲಿ ಅದೇ ಜಾಗಕ್ಕೆ ಬನ್ನಿ, ಇಡೀ ಅಂಗಳಕ್ಕೆ ನಿಮ್ಮದೊಂದೇ. ಮಲ್ಪೆಯೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ದೋಣಿಗಳೆಲ್ಲ ದಡದಲ್ಲಿ, ಜನ ಮನೆಯಲ್ಲಿ. ಆಗ ಅಲ್ಲಿ ನಿಂತ ಹೊರಗಿನ ಗಾಡಿಗೆ ಯಾವ ಕಾರಣ ಹೇಳುವುದು?

ಯಕ್ಷಗಾನದ ರಾತ್ರಿ ಇದಕ್ಕೆ ಸರಿಯಾದ ಉದಾಹರಣೆ. ಮೇಳಗಳು ನವೆಂಬರ್ ಹೊತ್ತಿಗೆ ಹೊರಟು ಮೇ ತಿಂಗಳಲ್ಲಿ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ವರ್ಷದ ತಿರುಗಾಟ ಮುಗಿಸುತ್ತವೆ. ಆಟ ಇರುವ ರಾತ್ರಿ ಕೊಯ್ಲಾದ ಗದ್ದೆಯಲ್ಲಿ ಕಾರು, ಜೀಪು, ವ್ಯಾನು ಸಾಲಾಗಿ ನಿಂತಿರುತ್ತವೆ. ಮಕ್ಕಳು ನಿದ್ದೆ ಬಂದರೆ ಗಾಡಿಯಲ್ಲೇ ಮಲಗುತ್ತಾರೆ. ನೀವೂ ಮಲಗಬಹುದು, ಚೆಂಡೆಯ ಸದ್ದಿಗೆ ನಿದ್ದೆ ಬಂದರೆ. ಆದರೆ ಅದು ಬೆಳಗಿನವರೆಗಿನ ಆಟವೋ ಕಾಲಮಿತಿಯದ್ದೋ ಅಂತ ಮೊದಲು ವಿಚಾರಿಸಿ. ಕಾಲಮಿತಿ ಆದರೆ ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಗದ್ದೆ ಖಾಲಿ. ನಿಮ್ಮ ಗಾಡಿ ಒಂದೇ ಉಳಿದರೆ ಹತ್ತು ನಿಮಿಷದಲ್ಲಿ ಟಾರ್ಚು ಹಿಡಿದು ಯಾರಾದರೂ ಬರುತ್ತಾರೆ. ಕಂಬಳದ ರಾತ್ರಿಗೂ ಇದೇ ಲೆಕ್ಕ.

ಗಾಡಿಯೇ ಹೇಳುವ ಗುಟ್ಟು

ಸರಿ, ಜಾಗ ಸಿಕ್ಕಿತು. ಆದರೂ ಒಳಗೆ ಜನ ಇದ್ದಾರೆ ಅಂತ ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಕರ್ಟನ್ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಿಜವಾದ ಸುಳಿವುಗಳು ಇನ್ನೂ ಸಣ್ಣವು.

ಎಲ್ಲಕ್ಕಿಂತ ಮೊದಲು ಚಪ್ಪಲಿ. ನಾವು ಎಲ್ಲಿಗೆ ಹತ್ತುವುದಾದರೂ ಚಪ್ಪಲಿ ಹೊರಗೆ ಬಿಡುವವರು. ವ್ಯಾನಿನ ಬಾಗಿಲ ಬುಡದಲ್ಲಿ ಎರಡು ಜೊತೆ ಹವಾಯಿ ಚಪ್ಪಲಿ ಇದ್ದರೆ ಒಳಗೆ ಎಷ್ಟು ಜನ ಅಂತ ಬೇರೆ ಹೇಳಬೇಕಾ? ಆಮೇಲೆ ಬೈರಾಸು, ಅಂದರೆ ಮೈ ಒರೆಸುವ ಟವೆಲು. ಇಲ್ಲಿಯ ಹವೆಯಲ್ಲಿ ಒದ್ದೆ ಬಟ್ಟೆ ಒಳಗೆ ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಹಾಗಾಗಿ ಎಲ್ಲರೂ ಸೈಡ್ ಕನ್ನಡಿಗೆ ನೇತುಹಾಕುತ್ತಾರೆ. ಕನ್ನಡಿಯ ಮೇಲೆ ಬೈರಾಸು ಕಂಡರೆ ಅದು ಮನೆ.

ಮೂರನೆಯದು ಸದ್ದು. ಓಮ್ನಿ, ಈಕೋದ ಬಾಗಿಲು ಎಳೆಯುವ ಗರ್ರ್ ಸದ್ದು ರಾತ್ರಿ ಹನ್ನೆರಡಕ್ಕೆ ಅರ್ಧ ರಸ್ತೆಗೆ ಕೇಳುತ್ತದೆ. ಅದಕ್ಕೆ ಹೊರಗೆ ಇಳಿದು ಹತ್ತುವ ಕೆಲಸವನ್ನೆಲ್ಲ ಬೇರೆ ಕಡೆಯೇ ಮುಗಿಸಿ ಬರಬೇಕು. ನಿಲ್ಲಿಸಿದ ಮೇಲೆ ಬಾಗಿಲು ತೆರೆಯಬಾರದು, ಮುಂದಿನ ಸೀಟುಗಳ ನಡುವಿನಿಂದಲೇ ಹಿಂದಕ್ಕೆ ದಾಟಬೇಕು. ರಿಮೋಟ್ ಲಾಕಿನ ಕೀಕ್ ಶಬ್ದ ಬೇಡ, ಒಳಗಿನಿಂದ ಕೈಯಲ್ಲೇ ಲಾಕ್ ಮಾಡಿ. ಹಿಂದೆ ಬರುವಾಗ ಹಾಡು ಹೇಳುವ ರಿವರ್ಸ್ ಹಾರ್ನ್ ಇದ್ದರೆ ಅದರ ವಯರನ್ನು ಮೊದಲೇ ಕಳಚಿ. ಭಕ್ತಿಗೀತೆ ಹಾಕಿಕೊಂಡು ಗುಟ್ಟಾಗಿ ಬರುವುದು ಹೇಗೆ ಅಲ್ವಾ?

ಬೆಳಕಿನ ವಿಷಯದಲ್ಲಿ ಬಲ್ಬಿಗಿಂತ ಮೊಬೈಲು ಮೋಸ. ಸ್ಕ್ರೀನು ಬದಲಾದ ಹಾಗೆ ಒಳಗಿನ ಬೆಳಕು ನೀಲಿ, ಬಿಳಿ ಅಂತ ಮಿಣುಕುತ್ತದೆ. ಸಣ್ಣ ಸಂದಿ ಇದ್ದರೂ ಹೊರಗಿನಿಂದ ಕಾಣುತ್ತದೆ. ಬೆಳ್ಳಿ ಬಣ್ಣದ ಸನ್‌ಶೇಡ್ ಹಾಕಿದರೆ ಬೀದಿ ದೀಪಕ್ಕೆ ಅದೇ ಹೊಳೆಯುತ್ತದೆ. ಹೊರಮುಖಕ್ಕೆ ಕಪ್ಪು ಬಟ್ಟೆ ಅಂಟಿಸಿದ ಫೋಮ್ ಹಾಳೆ ಇಟ್ಟರೆ ರಾತ್ರಿ ಅದು ಬರೀ ಕತ್ತಲ ಗಾಜಿನ ಹಾಗೆ ಕಾಣುತ್ತದೆ.

ಮಳೆಗಾಲದಲ್ಲಿ ಒಂದು ಸುಳಿವನ್ನು ಪೂರ್ತಿ ಅಡಗಿಸುವುದು ಯಾರ ಕೈಯಲ್ಲೂ ಇಲ್ಲ. ಜುಲೈಯ ಒಂದು ಬೆಳಿಗ್ಗೆ ಸಾಲಾಗಿ ನಿಂತ ಗಾಡಿಗಳನ್ನು ನೋಡಿ. ಉಳಿದ ಗಾಜುಗಳು ಹೊರಗಿನಿಂದ ಒದ್ದೆ, ಒಂದು ಮಾತ್ರ ಒಳಗಿನಿಂದ ಬೆವರಿರುತ್ತದೆ. ಹನಿಗಳು ಒಳಬದಿಯಲ್ಲಿ ಗೆರೆ ಎಳೆದು ಇಳಿದಿರುತ್ತವೆ. ಮಲಗಿದ ಮನುಷ್ಯ ಉಸಿರಿನಿಂದ, ಚರ್ಮದಿಂದ ರಾತ್ರಿಗೆ ಸುಮಾರು ಒಂದು ಲೋಟ ನೀರು ಹೊರಬಿಡುತ್ತಾನೆ. ಇಬ್ಬರಿದ್ದರೆ ಎರಡು ಲೋಟ. ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುವಾಗ ಅದು ಹೋಗುವುದಾದರೂ ಎಲ್ಲಿಗೆ? ಮಳೆ ತಣ್ಣಗೆ ಮಾಡಿದ ಗಾಜಿಗೆ ಬಂದು ಕೂರುತ್ತದೆ. ಬಾಗಿಲ ಗಾಜಿನ ಮೇಲೆ ರೇನ್ ವೈಸರ್ ಹಾಕಿಸಿದರೆ ಗಾಜನ್ನು ಒಂದಿಂಚು ಇಳಿಸಿಟ್ಟರೂ ನೀರು ಒಳಬರುವುದಿಲ್ಲ, ಸಂದಿಯೂ ಕಾಣುವುದಿಲ್ಲ. ಎರಡು ಎದುರುಬದುರು ಗಾಜು ಹೀಗೆ ಇಟ್ಟರೆ ಬೆವರು ಎಷ್ಟೋ ಕಡಿಮೆ.

ಇನ್ನು ನಾಯಿಗಳು. ಅವುಗಳಿಗೆ ಕಾರಣ ಬೇಕಿಲ್ಲ, ವಾಸನೆ ಸಾಕು.

ಗಾಡಿಯ ಆಯ್ಕೆಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಈಕೋದ ಉದ್ದ 3,675 ಮಿಲಿಮೀಟರ್, ಎತ್ತರ ಸುಮಾರು 1.8 ಮೀಟರ್. ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಅದೇ ಅದರ ಗುಣ. ಬೆನ್ನು ಬಗ್ಗಿಸಿ ಓಡಾಡಬೇಕಾದ ಗಾಡಿಯಲ್ಲಿ ಯಾರಾದರೂ ಸಂಸಾರ ಮಾಡುತ್ತಾರೆ ಅಂತ ಯಾರಿಗೂ ಹೊಳೆಯುವುದಿಲ್ಲ. ಛಾವಣಿ ಎತ್ತರಿಸಿ, ಬದಿಗೆ ಬೆಟ್ಟದ ಚಿತ್ರ ಬರೆಸಿ, ಚಾನೆಲ್ಲಿನ ಹೆಸರು ಹಾಕಿಸಿದವರು ಈ ಲೇಖನ ಓದಿ ಪ್ರಯೋಜನ ಇಲ್ಲ. ಕ್ಯಾಟರಿಂಗ್‌ನವರ ಹಾಗೆ ಸುಳ್ಳು ಬೋರ್ಡು ಬರೆಸುವ ಉಪಾಯವೂ ಇಲ್ಲಿ ನಡೆಯದು. ಬಾಡಿಗೆ ಓಡುವ ಗಾಡಿಗೆ ಹಳದಿ ಪ್ಲೇಟು ಇರಬೇಕು ಅಂತ ಮಕ್ಕಳಿಗೂ ಗೊತ್ತು.

ಸೆಕೆ ಮತ್ತು ವಿಷಗಾಳಿ

ಕರಾವಳಿಯಲ್ಲಿ ವ್ಯಾನ್ ವಾಸ ಬಿಟ್ಟು ಓಡಿಹೋಗುವವರು ಪೊಲೀಸರಿಗೆ ಹೆದರಿ ಹೋಗುವುದಲ್ಲ, ಸೆಕೆಗೆ. ಏಪ್ರಿಲ್, ಮೇ ರಾತ್ರಿ ಮುಚ್ಚಿದ ವ್ಯಾನು ಇಡ್ಲಿ ಅಟ್ಟದ ಹಾಗೆ. ಗಾಳಿ ಆಡದಿದ್ದರೆ ಎಷ್ಟು ಕತ್ತಲು ಮಾಡಿಕೊಂಡರೂ ಹನ್ನೆರಡಕ್ಕೆ ಬಾಗಿಲು ತೆರೆದು ಹೊರಗೆ ಕೂರುತ್ತೀರಿ. ಆಗ ಎಲ್ಲರೂ ನೋಡುತ್ತಾರೆ.

ಹನ್ನೆರಡು ವೋಲ್ಟಿನ ಸಣ್ಣ ಫ್ಯಾನು ಒಂದು ಆಂಪಿಯರ್ ಎಳೆದರೆ ಎಂಟು ಗಂಟೆಗೆ ಎಂಟು ಆಂಪಿಯರ್-ಅವರ್. ಸಣ್ಣ ವ್ಯಾನಿನ ಸ್ವಂತ ಬ್ಯಾಟರಿ ಸುಮಾರು 35 ಆಂಪಿಯರ್-ಅವರ್‌ನದ್ದು. ಅದು ಇಂಜಿನ್ ಎಬ್ಬಿಸಲಿಕ್ಕೆ ಇರುವುದು, ಇಡೀ ರಾತ್ರಿ ದುಡಿಯಲಿಕ್ಕೆ ಅಲ್ಲ. ಎರಡು ಫ್ಯಾನು, ಮೊಬೈಲು, ಲ್ಯಾಪ್‌ಟಾಪ್ ಎಲ್ಲ ಅದಕ್ಕೇ ಸಿಕ್ಕಿಸಿದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಆಗ ರಿಕ್ಷಾ ಪಾರ್ಕ್‌ನವರನ್ನೇ ತಳ್ಳಲು ಕರೆಯಬೇಕು. ಬೇರೆಯೇ ಒಂದು ಲಿಥಿಯಂ ಬ್ಯಾಟರಿ ಇಟ್ಟುಕೊಳ್ಳಿ.

ಎಸಿಗಾಗಿ ಇಂಜಿನ್ ಚಾಲೂ ಇಟ್ಟು ಮಲಗುವುದು, ಜನರೇಟರ್ ಓಡಿಸಿ ಮಲಗುವುದು ಎರಡೂ ಬೇಡವೇ ಬೇಡ. ಸದ್ದು ಆಗುತ್ತದೆ ಅಂತ ಅಲ್ಲ. ಹೊಗೆಯಲ್ಲಿ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕಾರವಾನಿನಲ್ಲಿ ಇಬ್ಬರು ಹೀಗೆ ಸತ್ತರು. ಜನರೇಟರಿನ ಹೊಗೆ ಒಳಗೆ ಸೇರಿತ್ತು. ಗಾಡಿ ಅಲ್ಲೇ ಬಹಳ ಹೊತ್ತು ನಿಂತಿತ್ತು, ಯಾರೂ ಗಾಜು ತಟ್ಟಿರಲಿಲ್ಲ.

ಯಾರ ಕಣ್ಣಿಗೂ ಬೀಳದೆ ಇರುವುದರ ಇನ್ನೊಂದು ಮುಖ ಇದು. ಹಾಗಾಗಿ ಪ್ರತಿ ರಾತ್ರಿ ಕನಿಷ್ಠ ಒಬ್ಬರಿಗೆ ನೀವು ಎಲ್ಲಿದ್ದೀರಿ ಅಂತ ಗೊತ್ತಿರಲಿ. ಮನೆಯವರಿಗೆ ಲೊಕೇಶನ್ ಕಳಿಸುವುದು ಒಂದು. ಅದಕ್ಕಿಂತ ಮುಖ್ಯ, ಆ ಜಾಗದಲ್ಲೇ ಒಬ್ಬರಿಗೆ ಹೇಳುವುದು.

ಒಬ್ಬರಿಗೆ ಹೇಳುವುದು

ಕೇಳುವುದರಲ್ಲಿ ನಾಚಿಕೆ ಯಾಕೆ? ಬಂಕಿನಲ್ಲಿ ಡೀಸೆಲ್ಲೋ ಪೆಟ್ರೋಲೋ ಹಾಕಿಸಿ, ಇಳಿದು, ನೇರವಾಗಿ ಕೇಳಿ.

"ಅಣ್ಣಾ, ರಾತ್ರಿ ಒಂದು ಬದಿಗೆ ಗಾಡಿ ಹಾಕಿ ಮಲಗ್ಲಿಕ್ಕುಂಟಾ? ಬೆಳಿಗ್ಗೆ ಆರಕ್ಕೆ ಹೋಗ್ತೇವೆ."

"ಎಷ್ಟು ಜನ?"

"ಇಬ್ಬರು. ನಾನು, ಹೆಂಡತಿ."

"ಗಾಳಿ ಹಾಕುವಲ್ಲಿ ಬೇಡ, ಅಲ್ಲಿ ಲಾರಿ ತಿರುಗ್ತದೆ. ಆಚೆ ಮೂಲೆಗೆ ಹಾಕಿ ಮಾರಾಯ್ರೆ."

ಇಷ್ಟೇ. ಈಗ ರಾತ್ರಿ ಬೀಟಿಗೆ ಬಂದ ಪೊಲೀಸರು ಮೊದಲು ಕೇಳುವುದು ಬಂಕಿನವರನ್ನು. ಅವರ ಬಾಯಿಂದ "ಗೊತ್ತುಂಟು ಸರ್, ಟೂರಿಗೆ ಬಂದವರು" ಅಂತ ಬಂದರೆ ಯಾವ ಕರ್ಟನ್ನೂ ಮಾಡದ ಕೆಲಸ ಆಗಿಹೋಗುತ್ತದೆ. ಇಲ್ಲಿ ಸುಳ್ಳು ಹೇಳಬೇಡಿ. ಇಲ್ಲದ ನೆಂಟರ ಹೆಸರು ಹೇಳಿದರೆ ಅವರ ಮನೆ ಯಾವುದು, ಯಾವ ಕುಟುಂಬ, ಯಾರ ಮಗ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ನಾಲ್ಕನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಹಾಗೆ ಕೇಳಿಯೂ ಯಾರಾದರೂ ಗಾಜು ತಟ್ಟಿದರೆ ಒಳಗೆ ಉಸಿರು ಬಿಗಿಹಿಡಿದು ಮಲಗಬೇಡಿ. ಒಳಗಿನ ದೀಪ ಹಾಕಿ. ಮುಖ ಕಾಣಲಿ. ಗಾಜು ಸ್ವಲ್ಪ ಇಳಿಸಿ ಮಾತಾಡಿ. ಪೊಲೀಸರಾದರೆ ಡಿಎಲ್, ಆರ್‌ಸಿ, ವಿಮೆ ಕೇಳುತ್ತಾರೆ. ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆ. ಹೋಗಿ ಅಂದರೆ ವಾದ ಬೇಡ, ಹೋಗಿ. ಚಾಲಕನ ಸೀಟಿನ ಮೇಲೆ ಸಾಮಾನು ಪೇರಿಸಿಡಬಾರದು ಅನ್ನುವುದು ಇದಕ್ಕೇ. ಬಾಟಲಿ ಕಣ್ಣಿಗೆ ಬಿದ್ದರೆ ಮಾತಿನ ಧಾಟಿಯೇ ಬೇರೆ ಆಗುತ್ತದೆ, ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೆರಡು ವಿಷಯ ಹೇಳಲು ಇಷ್ಟ ಇಲ್ಲದಿದ್ದರೂ ಹೇಳಬೇಕು. ಮದುವೆ ಆಗದ ಹುಡುಗ ಹುಡುಗಿ ಪರದೆ ಹಾಕಿದ ವ್ಯಾನಿನಲ್ಲಿ ಒಂಟಿ ಜಾಗದಲ್ಲಿ ನಿಂತರೆ ಈ ಜಿಲ್ಲೆಗಳಲ್ಲಿ ಪೊಲೀಸರಿಗಿಂತ ಮೊದಲು ನೈತಿಕ ಪೊಲೀಸ್‌ಗಿರಿ ಮಾಡುವವರು ಬರಬಹುದು. ಮಂಗಳೂರಿನ 2009ರ ಪಬ್ ದಾಳಿ, 2012ರ ಹೋಂಸ್ಟೇ ದಾಳಿ ಯಾರೂ ಮರೆತಿಲ್ಲ. ಅದು ಅವರ ಹಕ್ಕಲ್ಲ, ತಪ್ಪು ನಿಮ್ಮದೂ ಅಲ್ಲ. ಆದರೂ ಜನ, ಬೆಳಕು, ಸಿಸಿಟಿವಿ ಇರುವ ಜಾಗವನ್ನೇ ಆರಿಸಿ. 112 ಒತ್ತಲು ಹಿಂಜರಿಯಬೇಡಿ. ಇನ್ನೊಂದು, ಗಾಜು ಮುಚ್ಚಿದ ವ್ಯಾನಿನಲ್ಲಿ ಮಧ್ಯರಾತ್ರಿ ಒಳದಾರಿ ಸುತ್ತಬೇಡಿ. ದನ ಸಾಗಿಸುವ ಗಾಡಿ ಅಂತ ಸಂಶಯಪಟ್ಟು ತಡೆಯುವವರು ಇಲ್ಲಿ ಇದ್ದಾರೆ ಅಂತ ಊರಿನವರಿಗೆ ಗೊತ್ತು, ಹೊಸಬರಿಗೆ ಗೊತ್ತಿರುವುದಿಲ್ಲ. ಒಂಬತ್ತರ ಒಳಗೆ ಜಾಗ ಸೇರಿಕೊಳ್ಳಿ.

ಹೊಟ್ಟೆ, ಶೌಚ, ನೀರು

ಇದು ಸುಲಭ. ಮಲಗುವಲ್ಲಿ ಅಡುಗೆ ಮಾಡಬೇಡಿ. ಒಗ್ಗರಣೆಯ ಪರಿಮಳಕ್ಕೆ ಪರದೆ ಇಲ್ಲ, ಮೀನು ಹುರಿದರಂತೂ ಮುಗಿಯಿತು. ಮುಚ್ಚಿದ ಗಾಡಿಯಲ್ಲಿ ಗ್ಯಾಸ್ ಒಲೆ ಉರಿಸುವುದು ಅಪಾಯ ಕೂಡ. ನೀರ್‌ದೋಸೆ, ಬನ್ಸ್, ಕುಚ್ಚಲಕ್ಕಿ ಊಟ ಸಿಗುವ ಊರಿನಲ್ಲಿ ಒಲೆ ಹಚ್ಚುವ ಹಟ ಯಾಕೋ ನನಗಂತೂ ಅರ್ಥವಾಗಿಲ್ಲ. ಶೌಚಕ್ಕೆ ಬಂಕು, ರೈಲು ನಿಲ್ದಾಣ, ಬಸ್ ನಿಲ್ದಾಣ, ಸುಲಭ ಶೌಚಾಲಯಗಳು. ಪಾತ್ರೆ ತೊಳೆದ ನೀರನ್ನು ನಿಂತ ಜಾಗದಲ್ಲೇ ಚೆಲ್ಲಿದರೆ ಮಾರನೆ ದಿನ ಅಲ್ಲಿ ನಿಲ್ಲಲು ಬಿಡುವುದಿಲ್ಲ. ಬಿಡಲೂಬಾರದು.

ಒಂದೇ ಜಾಗದಲ್ಲಿ ಸತತ ಎರಡು ರಾತ್ರಿಗಿಂತ ಜಾಸ್ತಿ ಬೇಡ. ಟೂರಿಗೆ ಬಂದವರು ಮೂರನೇ ರಾತ್ರಿಯೂ ಅಲ್ಲೇ ಇದ್ದರೆ ಕೊಟ್ಟ ಕಾರಣ ಹಳಸುತ್ತದೆ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲೇ ಉಳಿದರೆ ಇಲ್ಲಿಯ ನಂಬರು ಮಾಡಿಸಬೇಕು ಅನ್ನುವುದೂ ನೆನಪಿರಲಿ. ಅದು 47ನೇ ಕಲಮು.

ಜೂನ್ ಬಂದರೆ

ಮಳೆಗಾಲದಲ್ಲಿ ಇದೆಲ್ಲ ಲೆಕ್ಕ ತಲೆಕೆಳಗಾಗುತ್ತದೆ. ಪ್ರವಾಸಿಗಳಿಲ್ಲ, ಆಟ ಇಲ್ಲ, ದೋಣಿ ಇಲ್ಲ, ನಿಲ್ಲಲು ಕಾರಣವೂ ಇಲ್ಲ. ತಗ್ಗು ಜಾಗದಲ್ಲಿ ನಿಲ್ಲಿಸಿದರೆ ನೀರು ಯಾವಾಗ ಏರುತ್ತದೆ ಹೇಳಲಾಗದು. 2020ರ ಸೆಪ್ಟೆಂಬರಿನಲ್ಲಿ ಉಡುಪಿ ಒಂದೇ ರಾತ್ರಿಯಲ್ಲಿ ಮುಳುಗಿದ್ದು ನೆನಪಿದೆಯಲ್ಲ? ಎತ್ತರದ ಜಾಗ ಅಂತ ತೋಟದ ಬದಿ ಹೋದರೆ ತೆಂಗಿನ ಮರ. ಗಾಳಿಗೆ ಮಡಲು ಬಿದ್ದರೆ ಗಾಜು, ಕಾಯಿ ಬಿದ್ದರೆ ಛಾವಣಿ.

ಜೂನ್, ಜುಲೈ ಎರಡು ತಿಂಗಳು ಒಂದು ಕೋಣೆ ಬಾಡಿಗೆಗೆ ಹಿಡಿಯುವುದೇ ಬುದ್ಧಿವಂತಿಕೆ ಅಂತ ನನ್ನ ಅಭಿಪ್ರಾಯ. ಇಲ್ಲವೇ ಗುರುತಿನವರ ಅಂಗಳದಲ್ಲಿ, ಮಾಡಿನ ಕೆಳಗೆ ಗಾಡಿ ಬಿಡಿ. ಟಾರ್ಪಾಲು ಹೊದೆಸಬೇಡಿ, ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ. ಬ್ಯಾಟರಿಯ ವಯರು ಕಳಚಿ, ಗಾಜು ಒಂದಿಂಚು ಇಳಿಸಿ, ಹಾಸಿಗೆಯನ್ನು ಮಾತ್ರ ಮನೆಯೊಳಗೆ ತನ್ನಿ. ಗಾಡಿಯಲ್ಲೇ ಬಿಟ್ಟರೆ ಆಗಸ್ಟಿಗೆ ಬೂಷ್ಟು ಹಿಡಿದು ಬಿಸಾಡಬೇಕಾಗುತ್ತದೆ.